ವಿಮಾನ ತಡವಾದರೆ ಪರಿಹಾರ ಕೊಡಿಸ್ತೀವಿ ಅನ್ನೋ ಕಂಪನಿಗಳು: ಆ 35% ಕಮಿಷನ್ ಕೊಡಬೇಕಾ?

ಮೊದಲೇ ಹೇಳಿಬಿಡುತ್ತೇನೆ, ಇವರು ಮೋಸಗಾರರಲ್ಲ. ‘ನಿಮ್ಮ ವಿಮಾನ ತಡವಾಯಿತಾ, ರದ್ದಾಯಿತಾ, ಪರಿಹಾರ ನಾವು ಕೊಡಿಸ್ತೀವಿ, ಗೆದ್ದರೆ ಮಾತ್ರ ಫೀಸು’ ಅಂತ ಜಾಹೀರಾತು ಹಾಕುವ ಕ್ಲೇಮ್ ಕಂಪನಿಗಳ ಬಗ್ಗೆ ಬರೆಯುತ್ತಿದ್ದೇನೆ. ದುಡ್ಡು ನಿಜಕ್ಕೂ ಕೊಡಿಸುತ್ತಾರೆ. ಆದರೆ ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತಾವೇ ಇಟ್ಟುಕೊಂಡು ಅವರು ಮಾಡುವ ಕೆಲಸ, ಹೆಚ್ಚಿನ ಸಲ, ನೀವೇ ಒಂದು ಫಾರಂ ತುಂಬಿ ನಾಲ್ಕು ಇಮೇಲ್ ಬರೆದರೆ ಆಗಿಹೋಗುವಂಥದ್ದು. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ಸ್ಟಾರ್. ಅದರಲ್ಲೂ ಒಂದು ಸ್ಟಾರ್ ಕೊಟ್ಟಿದ್ದು ಅವರು ಕೋರ್ಟಿಗೆ ಹೋಗುತ್ತಾರೆ ಅನ್ನುವ ಒಂದೇ ಕಾರಣಕ್ಕೆ.

ಹೋಲಿಸಿ ನೋಡಲು ಒಳ್ಳೆಯ ಅವಕಾಶ ಸಿಕ್ಕಿತ್ತು. ನಾನು ಮತ್ತು ಒಬ್ಬ ಗೆಳೆಯ, ಒಂದೇ ವಿಮಾನ, ಅಕ್ಕಪಕ್ಕದ ಸೀಟು, ಬುಕಿಂಗ್ ಮಾತ್ರ ಬೇರೆ ಬೇರೆ. ಯೂರೋಪಿನಿಂದ ಹೊರಡುವ ದೂರದ ಹಾರಾಟ, 3500 ಕಿಲೋಮೀಟರಿಗಿಂತ ಜಾಸ್ತಿ. ಎಂಜಿನ್‌ನಲ್ಲಿ ಏನೋ ತೊಂದರೆ, ಎಂಜಿನಿಯರ್ ಬರ್ತಾರೆ, ಬಂದರು, ಇನ್ನೊಂದು ಅರ್ಧ ಗಂಟೆ ಅಂತ ಸಾಗಹಾಕುತ್ತಲೇ ಇದ್ದರು. ಗೆಳೆಯ ಗೇಟಿನ ಹತ್ತಿರ ಕೂತಲ್ಲೇ ಒಂದು ಆ್ಯಪ್ ಹಾಕಿಕೊಂಡು ಕೇಸು ಕಂಪನಿಗೆ ಒಪ್ಪಿಸಿಬಿಟ್ಟ. ನಾನು ಊರು ಸೇರಿದ ಮೇಲೆ ಏರ್‌ಲೈನ್ಸ್‌ಗೆ ನೇರವಾಗಿ ಬರೆದೆ.

ಆ್ಯಪ್ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ವಿಮಾನದ ನಂಬರ್, ದಿನಾಂಕ ಹಾಕಿದರೆ ಸಾಕು, ಎಷ್ಟು ದೂರ, ಎಷ್ಟು ಪರಿಹಾರ ಸಿಗಬಹುದು ಅಂತ ತಕ್ಷಣ ತೋರಿಸುತ್ತದೆ. ಬೋರ್ಡಿಂಗ್ ಪಾಸಿನ ಫೋಟೋ ಹಾಕಿ, ತಡಕ್ಕೆ ಏನು ಕಾರಣ ಹೇಳಿದರು ಅಂತ ಆರಿಸಿ, ಕೊನೆಗೆ ಬೆರಳಿನಲ್ಲಿ ಸಹಿ ಮಾಡಬೇಕು. ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ನಿದ್ದೆಗೆಟ್ಟು, ಏರ್‌ಲೈನ್ಸ್ ಮೇಲೆ ಸಿಟ್ಟು ಕುದಿಯುತ್ತಿರುವ ಹೊತ್ತಿನಲ್ಲಿ ಇಷ್ಟು ಸಲೀಸಾದ ದಾರಿ ಕಂಡರೆ ಯಾರಾದರೂ ಒತ್ತುತ್ತಾರೆ. ಆ ಬೆರಳಿನ ಸಹಿ ಯಾವುದಕ್ಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಮೊದಲು ಈ ದುಡ್ಡು ಎಲ್ಲಿಂದ ಬಂತು ಅನ್ನುವುದು ಗೊತ್ತಿರಬೇಕು. ಯೂರೋಪ್ ಒಕ್ಕೂಟದಲ್ಲಿ 261/2004 ಅಂತ ಒಂದು ಕಾನೂನು ಇದೆ, 2005ರ ಫೆಬ್ರವರಿಯಿಂದ ಜಾರಿಯಲ್ಲಿದೆ. 1500 ಕಿಲೋಮೀಟರ್ ಒಳಗಿನ ಹಾರಾಟಕ್ಕೆ 250 ಯೂರೋ, 3500ರ ತನಕ 400 ಯೂರೋ, ಅದಕ್ಕಿಂತ ದೂರಕ್ಕೆ 600 ಯೂರೋ. ಒಕ್ಕೂಟದ ಒಳಗೊಳಗೇ ಎಷ್ಟು ದೂರ ಹಾರಿದರೂ 400 ಮೀರುವುದಿಲ್ಲ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಏನೆಂದರೆ, ಟಿಕೆಟ್ಟಿಗೆ ನೀವು ಎಷ್ಟು ಕೊಟ್ಟಿರಿ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಸೇಲ್‌ನಲ್ಲಿ 30 ಯೂರೋ ಟಿಕೆಟ್ ತೆಗೆದುಕೊಂಡವನಿಗೂ 250 ಯೂರೋ ಸಿಗುತ್ತದೆ. ಏರ್‌ಲೈನ್ಸ್‌ಗಳು ಈ ಕಾನೂನು ಕಂಡರೆ ಯಾಕೆ ಉರಿದುಬೀಳುತ್ತವೆ ಅಂತ ಈಗ ಗೊತ್ತಾಯಿತಲ್ವಾ!

ಕಾನೂನಿನ ಮೂಲ ಬರಹದಲ್ಲಿ ಈ ಮೊತ್ತ ಇದ್ದದ್ದು ರದ್ದಾದ ವಿಮಾನಕ್ಕೆ ಮತ್ತು ಟಿಕೆಟ್ ಇದ್ದೂ ಹತ್ತಿಸಿಕೊಳ್ಳದೆ ಬಿಟ್ಟವರಿಗೆ ಮಾತ್ರ. ತಡವಾದರೂ ಕೊಡಬೇಕು ಅಂತ ಆದದ್ದು 2009ರ ಸ್ಟರ್ಜನ್ ತೀರ್ಪಿನಿಂದ. ಕೇಸು ಹಾಕಿದ ಸ್ಟರ್ಜನ್ ಕುಟುಂಬ ಫ್ರಾಂಕ್‌ಫರ್ಟ್ ತಲುಪಿದ್ದು ಸುಮಾರು 25 ಗಂಟೆ ತಡವಾಗಿ. ಏರ್‌ಲೈನ್ಸ್ ‘ಇದು ರದ್ದಲ್ಲ, ಬರೀ ತಡ’ ಅಂತ ವಾದ ಮಾಡಿತ್ತು. ತಲುಪುವಾಗ 3 ಗಂಟೆ ಅಥವಾ ಅದಕ್ಕಿಂತ ತಡವಾದರೆ ರದ್ದಾದ ಹಾಗೇ ಲೆಕ್ಕ ಅಂತ ಯೂರೋಪಿನ ನ್ಯಾಯಾಲಯ ಹೇಳಿತು. ಹೊರಡುವುದು ಎಷ್ಟು ತಡ ಅನ್ನುವುದು ಮುಖ್ಯ ಅಲ್ಲ, ತಲುಪುವುದು ಎಷ್ಟು ತಡ ಅನ್ನುವುದೇ ಮುಖ್ಯ.

ತಲುಪುವುದು ಅಂದರೆ ಯಾವಾಗ? ಚಕ್ರ ನೆಲ ಮುಟ್ಟಿದಾಗ ಅಲ್ಲ. ಬಾಗಿಲು ತೆಗೆದು ‘ಇಳಿಯಬಹುದು’ ಅಂದಾಗ. ಇದೂ ಒಂದು ಕೇಸಿನಲ್ಲೇ ತೀರ್ಮಾನವಾದದ್ದು, 2014ರಲ್ಲಿ, ಜರ್ಮನ್‌ವಿಂಗ್ಸ್ ಏರ್‌ಲೈನ್ಸ್ ಮೇಲೆ ಹೆನಿಂಗ್ ಅನ್ನುವವರು ಹಾಕಿದ ಕೇಸು. ಆ ವಿಮಾನ ನೆಲ ಮುಟ್ಟಿದ್ದು 2 ಗಂಟೆ 58 ನಿಮಿಷ ತಡವಾಗಿ. ನಿಲ್ಲುವ ಜಾಗಕ್ಕೆ ಬಂದು ನಿಂತದ್ದು 3 ಗಂಟೆ 3 ನಿಮಿಷ ತಡವಾಗಿ. ಐದು ನಿಮಿಷಕ್ಕೆ ಯೂರೋಪಿನ ದೊಡ್ಡ ಕೋರ್ಟಿನ ತನಕ ಹೋಗಿದ್ದಾರೆ, ಪುಣ್ಯಾತ್ಮರು.

ನಮ್ಮ ಕೇಸಿನಲ್ಲೂ ನಿಮಿಷಗಳದ್ದೇ ಆಟ. 3500 ಕಿಲೋಮೀಟರಿಗಿಂತ ದೂರದ ಹಾರಾಟ 3ರಿಂದ 4 ಗಂಟೆ ಒಳಗೆ ತಡವಾಗಿದ್ದರೆ ಏರ್‌ಲೈನ್ಸ್ ಪರಿಹಾರವನ್ನು ಅರ್ಧಕ್ಕೆ ಇಳಿಸಬಹುದು. 600 ಹೋಗಿ 300. ನಾವು ಇಳಿದಾಗ ಚಕ್ರ ನೆಲ ಮುಟ್ಟಿದ್ದು ತಡ 4 ಗಂಟೆ ಆಗಲು ಇನ್ನೂ ಕೆಲವು ನಿಮಿಷ ಇರುವಾಗಲೇ. ಆಮೇಲೆ ಟ್ಯಾಕ್ಸಿವೇನಲ್ಲಿ ನಿಂತಿತು, ಗೇಟು ಖಾಲಿ ಇಲ್ಲ ಅಂದರು, ಮತ್ತೆ ಹೊರಟಿತು. ಬಾಗಿಲು ತೆರೆಯುವ ಹೊತ್ತಿಗೆ ನಾಲ್ಕು ಗಂಟೆ ದಾಟಿತ್ತು. ನಾನು ಫೋನ್ ಎತ್ತಿ, ತೆರೆದ ಬಾಗಿಲು, ಅದರಾಚೆ ಏರೋಬ್ರಿಡ್ಜ್ ಕಾಣುವ ಹಾಗೆ ಒಂದು ಫೋಟೋ ತೆಗೆದುಕೊಂಡೆ. ಫೋಟೋದ ವಿವರದಲ್ಲಿ ಸಮಯ ತಾನಾಗಿಯೇ ದಾಖಲಾಗುತ್ತದೆ. ಹಿಂದಿನ ಸೀಟಿನವರು ಇವನಿಗೇನಾಯ್ತಪ್ಪಾ ಅಂತ ನೋಡಿದರು. ನೋಡಲಿ. ಆ ಒಂದು ಫೋಟೋದ ಬೆಲೆ 300 ಯೂರೋ.

ಏರ್‌ಲೈನ್ಸ್‌ಗೆ ಬರೆಯುವುದು ಹೇಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅವರ ವೆಬ್‌ಸೈಟಿನಲ್ಲಿ ಇದಕ್ಕೆ ಫಾರಂ ಇರುತ್ತದೆ, ಕೈಗೆ ಸಿಗದ ಮೂಲೆಯಲ್ಲಿ ಇಟ್ಟಿರುತ್ತಾರೆ ಅಷ್ಟೇ. ಹೆಸರು, ಪಿಎನ್‌ಆರ್, ವಿಮಾನದ ನಂಬರ್, ದಿನಾಂಕ, ತಲುಪಬೇಕಿದ್ದ ಸಮಯ, ಬಾಗಿಲು ತೆರೆದ ಸಮಯ, 261/2004ರ 7ನೇ ವಿಧಿಯ ಪ್ರಕಾರ ಇಷ್ಟು ಯೂರೋ ಕೊಡಬೇಕು, ಬ್ಯಾಂಕ್ ಖಾತೆ ಇದು. ಸಾಕು. ಎಷ್ಟು ಕಷ್ಟವಾಯಿತು, ಮಗು ಎಷ್ಟು ಅತ್ತಿತು, ಸಿಬ್ಬಂದಿ ಹೇಗೆ ಮಾತಾಡಿದರು ಅನ್ನುವ ಪುರಾಣ ಬೇಡ. ಬರೆದಷ್ಟೂ ಅವರು ಅದಕ್ಕೆ ಮಾತ್ರ ಕ್ಷಮೆ ಕೇಳಿ, ದುಡ್ಡಿನ ಮಾತು ಮರೆಸಿಬಿಡುತ್ತಾರೆ.

ಮೊದಲ ಉತ್ತರ ನಿರೀಕ್ಷಿಸಿದ ಹಾಗೇ ಬಂತು. ನಿಮಗಾದ ಅನಾನುಕೂಲಕ್ಕೆ ವಿಷಾದವಿದೆ, ಅನಿರೀಕ್ಷಿತ ತಾಂತ್ರಿಕ ದೋಷ, ಅಸಾಧಾರಣ ಪರಿಸ್ಥಿತಿ, ಆದ್ದರಿಂದ ಪರಿಹಾರ ಬರುವುದಿಲ್ಲ, ಆದರೂ ನಮ್ಮ ಸೌಹಾರ್ದದ ಗುರುತಾಗಿ ಮುಂದಿನ ಪ್ರಯಾಣಕ್ಕೆ ಒಂದು ವೌಚರ್. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ವೌಚರ್ ಒಪ್ಪಿಕೊಳ್ಳಬೇಡಿ. ನೀವು ಸಹಿ ಮಾಡಿ ಒಪ್ಪಿದರೆ ಮಾತ್ರ ಅವರು ವೌಚರ್ ಕೊಡಬಹುದು, ಇಲ್ಲದಿದ್ದರೆ ನಗದು, ಚೆಕ್ ಅಥವಾ ಬ್ಯಾಂಕಿಗೇ ಹಾಕಬೇಕು ಅಂತ ಕಾನೂನಿನಲ್ಲೇ ಇದೆ.

ಈ ‘ಅಸಾಧಾರಣ ಪರಿಸ್ಥಿತಿ’ ಇದೆಯಲ್ಲ, ಇದೇ ಇಡೀ ವ್ಯವಹಾರದ ಕೀಲಿ. ಕ್ಲೇಮ್ ಕಂಪನಿಗಳು ಬದುಕಿರುವುದೇ ಇದರ ಮೇಲೆ. ಬಿರುಗಾಳಿ, ಜ್ವಾಲಾಮುಖಿಯ ಬೂದಿ, ಏರ್ ಟ್ರಾಫಿಕ್ ಕಂಟ್ರೋಲ್‌ನವರ ಮುಷ್ಕರ, ಹಕ್ಕಿ ಬಡಿದದ್ದು, ಇವೆಲ್ಲ ನಿಜವಾಗಿಯೂ ಏರ್‌ಲೈನ್ಸ್ ಕೈಯಲ್ಲಿಲ್ಲ, ಒಪ್ಪೋಣ. ಆದರೆ ಮಾಮೂಲಿ ತಾಂತ್ರಿಕ ದೋಷ ಅದರಲ್ಲಿ ಬರುವುದಿಲ್ಲ ಅಂತ 2008ರಲ್ಲೇ ತೀರ್ಪಾಗಿದೆ. ವಾಲೆಂಟೀನ್-ಹರ್ಮಾನ್ ಅನ್ನುವ ಮಹಿಳೆ ಅಲಿಟಾಲಿಯಾ ಏರ್‌ಲೈನ್ಸ್ ಮೇಲೆ ಹಾಕಿದ ಕೇಸು ಅದು, ವಿಯೆನ್ನಾದಿಂದ ಹೊರಡಬೇಕಿದ್ದ ವಿಮಾನದ ಎಂಜಿನ್ ಟರ್ಬೈನ್ ಕೆಟ್ಟಿತ್ತು. ವಿಮಾನ ಓಡಿಸುವವರಿಗೆ ವಿಮಾನ ಕೆಡುವುದು ದಿನನಿತ್ಯದ ವಿಷಯವೇ ತಾನೇ ಅನ್ನುವುದು ಆ ತೀರ್ಪಿನ ತಿರುಳು. ಏರ್‌ಲೈನ್ಸ್‌ನ ಸ್ವಂತ ಪೈಲಟ್‌ಗಳು ಸಂಬಳಕ್ಕಾಗಿ ಮಾಡಿದ ಮುಷ್ಕರವೂ ಅಸಾಧಾರಣ ಅಲ್ಲ, 2021ರಲ್ಲಿ ಎಸ್‌ಎಎಸ್ ಅನ್ನುವ ಏರ್‌ಲೈನ್ಸ್ ಕೇಸಿನಲ್ಲಿ ಹಾಗಂತ ಹೇಳಿದರು. ಆ ಕೇಸು ನಡೆಸಿದ್ದು ಒಂದು ಕ್ಲೇಮ್ ಕಂಪನಿಯೇ, ಏರ್‌ಹೆಲ್ಪ್. ಅಂದರೆ ಈ ಕಂಪನಿಗಳಿಂದ ನಮಗೆಲ್ಲ ಲಾಭವೂ ಆಗಿದೆ ಅನ್ನಬೇಕು. ನಾನು ಮೂರು ಸ್ಟಾರಿಗಿಂತ ಕಡಿಮೆ ಕೊಡದಿರುವುದಕ್ಕೆ ಇದೂ ಒಂದು ಕಾರಣ.

ಕಾರಣ ಅಸಾಧಾರಣವೇ ಆಗಿದ್ದರೂ ಊಟ, ಹೋಟೆಲ್, ಹೋಟೆಲಿಗೆ ಹೋಗಿಬರುವ ಗಾಡಿ ಕೊಡಲೇಬೇಕು, ಅದರಿಂದ ಮಾತ್ರ ತಪ್ಪಿಸಿಕೊಳ್ಳುವ ಹಾಗಿಲ್ಲ. 2010ರ ಐಸ್‌ಲ್ಯಾಂಡ್ ಜ್ವಾಲಾಮುಖಿಯ ಹೊತ್ತಿನಲ್ಲಿ ಸಿಕ್ಕಿಕೊಂಡವರ ವಿಷಯದಲ್ಲೂ ಕೋರ್ಟ್ ಹಾಗೇ ಹೇಳಿತು. ಅವರು ಕೊಡದಿದ್ದರೆ ನೀವೇ ಖರ್ಚು ಮಾಡಿ, ಬಿಲ್ ಇಟ್ಟುಕೊಂಡು ಕೇಳಿ. ಅತಿರೇಕ ಬೇಡ, ಸೂಟ್ ರೂಮಿನ ಬಿಲ್ ಯಾರೂ ಕಟ್ಟುವುದಿಲ್ಲ.

ನನ್ನ ಎರಡನೇ ಇಮೇಲಿನಲ್ಲಿ ಇದ್ದದ್ದು ಇಷ್ಟೇ: ವೌಚರ್ ಬೇಡ, ತಾಂತ್ರಿಕ ದೋಷದ ಬಗ್ಗೆ ವಾಲೆಂಟೀನ್-ಹರ್ಮಾನ್ ತೀರ್ಪು ನೋಡಿ, ಇಲ್ಲದಿದ್ದರೆ ದೂರು ಮುಂದಕ್ಕೆ ಒಯ್ಯುತ್ತೇನೆ. ಆಗ ಬಂತು 300ರ ಮಾತು. ತಡ 4 ಗಂಟೆಗಿಂತ ಕಡಿಮೆ, ಹಾಗಾಗಿ ಅರ್ಧ ಅಂತೆ. ಬಾಗಿಲಿನ ಫೋಟೋ ಕಳಿಸಿದೆ, ಹೆನಿಂಗ್ ತೀರ್ಪಿನ ಹೆಸರು ಬರೆದೆ. ಆಮೇಲೆ ಸ್ವಲ್ಪ ದಿನ ಸದ್ದಿಲ್ಲ. ಒಂದು ದಿನ ನೋಡಿದರೆ 600 ಯೂರೋ ಬಂದು ಬಿದ್ದಿತ್ತು, ಬ್ಯಾಂಕಿನವರು ಹಿಡಿದುಕೊಂಡ ಸಣ್ಣ ಶುಲ್ಕ ಬಿಟ್ಟರೆ ಪೂರ್ತಿ. ಅತ್ತೂ ಕರೆದೂ ಔತಣ ಮಾಡಿಸಿಕೊಂಡ ಹಾಗಾಯಿತು ನಿಜ, ಆದರೆ ದುಡ್ಡು ದುಡ್ಡೇ.

ಗೆಳೆಯನಿಗೂ ಬಂತು, ನನಗಿಂತ ಸ್ವಲ್ಪ ತಡವಾಗಿ. ಕಂಪನಿ 600 ವಸೂಲಿ ಮಾಡಿ, 35% ಅಂದರೆ 210 ಇಟ್ಟುಕೊಂಡು, 390 ಅವನಿಗೆ ಕಳಿಸಿತು. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಒಂದೂ ಇಮೇಲ್ ಬರೆಯಲಿಲ್ಲ, ಯಾರ ಹತ್ತಿರವೂ ಜಗಳ ಆಡಲಿಲ್ಲ, ಆಗಾಗ ‘ನಿಮ್ಮ ಕೇಸು ಮುಂದುವರಿದಿದೆ’ ಅಂತ ಮೆಸೇಜ್ ಬರುತ್ತಿತ್ತು ಅಷ್ಟೇ. ಸಮಯಕ್ಕೂ ಬೆಲೆ ಇದೆಯಲ್ಲಪ್ಪಾ ಅಂತಾನೆ. ನನಗೆ ಮಾತ್ರ ನಾಲ್ಕು ಇಮೇಲಿಗೆ 210 ಯೂರೋ ಅನ್ನುವುದು ಜೀರ್ಣವಾಗುವುದಿಲ್ಲ. ಕುಟುಂಬ ಸಮೇತ ಹೋಗಿದ್ದರೆ ಲೆಕ್ಕ ಹಾಕಿ ನೋಡಿ, ನಾಲ್ಕು ಜನಕ್ಕೆ 2400 ಯೂರೋ, ಅದರಲ್ಲಿ 840 ಅವರ ಪಾಲು. ಇಮೇಲ್ ಮಾತ್ರ ಅಷ್ಟೇ!

ಈಗ ಆ ಬೆರಳಿನ ಸಹಿಯ ವಿಷಯ. ಗೆಳೆಯನ ಒಪ್ಪಂದವನ್ನು ಕೂತು ಓದಿದೆ, ಅವನು ಓದಿರಲಿಲ್ಲ. ಸಹಿ ಮಾಡಿದ ಮೇಲೆ ಏರ್‌ಲೈನ್ಸ್ ಜೊತೆ ಅವನು ನೇರವಾಗಿ ಮಾತಾಡುವ ಹಾಗಿಲ್ಲ. ಏರ್‌ಲೈನ್ಸ್ ತಾನಾಗಿಯೇ ಅವನ ಖಾತೆಗೆ ದುಡ್ಡು ಹಾಕಿದರೂ ಕಂಪನಿಗೆ ಫೀಸು ಕೊಡಬೇಕು. ಮಧ್ಯದಲ್ಲಿ ಬೇಡ ಅಂದರೂ ಕೊಡಬೇಕಾಗಬಹುದು. ಮತ್ತೆ ಕೇಸು ವಕೀಲರ ಕೈಗೆ ಹೋದರೆ ಕಮಿಷನ್ 35% ಅಲ್ಲ, 50%. ಮುಖಪುಟದಲ್ಲಿ ‘ಗೆದ್ದರೆ ಮಾತ್ರ ಫೀಸು’ ಅನ್ನುವುದು ದಪ್ಪ ಅಕ್ಷರದಲ್ಲಿದೆ, ಈ 50% ಅನ್ನುವುದು ದರಪಟ್ಟಿಯ ಪುಟಕ್ಕೆ ಹೋದರೆ ಮಾತ್ರ ಸಿಗುತ್ತದೆ. ಮುಚ್ಚಿಟ್ಟಿದ್ದಾರೆ ಅನ್ನಲಾರೆ, ತೋರಿಸುವ ಉತ್ಸಾಹವೂ ಇಲ್ಲ. ಇದಕ್ಕೇ ಒಂದು ಸ್ಟಾರ್ ಕಟ್.

ಹಾಗಾದರೆ ಯಾವಾಗ ಇವರ ಹತ್ತಿರ ಹೋಗಬೇಕು? ನಮ್ಮ ಅತ್ತಿಗೆಯ ಕೇಸು ನೋಡಿ. ಯೂರೋಪಿನೊಳಗಿನ ಸಣ್ಣ ಹಾರಾಟ, ಹಿಂದಿನ ದಿನ ಸಂಜೆ ರದ್ದು ಅಂತ ಮೆಸೇಜ್ ಬಂತು. 14 ದಿನಕ್ಕಿಂತ ಕಡಿಮೆ ಮುಂಚೆ ತಿಳಿಸಿ, ಸರಿಯಾದ ಬದಲಿ ವಿಮಾನವೂ ಕೊಡದಿದ್ದರೆ ಪರಿಹಾರ ಬರುತ್ತದೆ. ಅವರೇ ಬರೆದರು, ಮತ್ತೆ ಬರೆದರು, ಏರ್‌ಲೈನ್ಸ್‌ನವರು ಮೊದಲು ಹಾರಿಕೆ ಉತ್ತರ ಕೊಟ್ಟರು, ಆಮೇಲೆ ಉತ್ತರ ಕೊಡುವುದನ್ನೇ ಬಿಟ್ಟರು. ಅತ್ತಿಗೆ ಇರುವುದು ಯೂರೋಪಿನ ಹೊರಗೆ. ಅಲ್ಲಿನ ಕೋರ್ಟಿಗೆ, ಅಲ್ಲಿನ ಭಾಷೆಯಲ್ಲಿ, 250 ಯೂರೋಗೆ ಯಾರು ಹೋಗುತ್ತಾರೆ? ಏರ್‌ಲೈನ್ಸ್‌ಗೂ ಅದು ಚೆನ್ನಾಗಿ ಗೊತ್ತು. ಕೇಸನ್ನು ಕಂಪನಿಗೆ ಕೊಟ್ಟರು, ಕಂಪನಿ ವಕೀಲರ ಮೂಲಕ ದಾವೆ ಹೂಡಿತು, ತಿಂಗಳುಗಟ್ಟಲೆ ಆದ ಮೇಲೆ ದುಡ್ಡು ಬಂತು. ಅರ್ಧ ಕಂಪನಿಗೆ, 125 ಯೂರೋ ಅತ್ತಿಗೆಗೆ. ಸೋತಿದ್ದರೆ ಕೋರ್ಟಿನ ಖರ್ಚು ಕಂಪನಿಯದ್ದೇ. ಇಂಥ ಕಡೆ 50% ನನಗೆ ಜಾಸ್ತಿ ಅನ್ನಿಸುವುದಿಲ್ಲ, ಇಲ್ಲದಿದ್ದರೆ ಸುಮ್ನೆ ಮುಳುಗಿಹೋಗುತ್ತಿದ್ದ ದುಡ್ಡು ಅದು.

ಮಧ್ಯದಲ್ಲಿ ಇನ್ನೊಂದು ಮೆಟ್ಟಿಲು ಇದೆ, ಅದನ್ನು ಈ ಕಂಪನಿಗಳು ಹೇಳುವುದಿಲ್ಲ. ಒಕ್ಕೂಟದ ಪ್ರತಿ ದೇಶದಲ್ಲೂ ಈ ಕಾನೂನು ನೋಡಿಕೊಳ್ಳುವ ಸರ್ಕಾರಿ ಕಚೇರಿ ಇದೆ, ದೂರು ಕೊಡಲು ಖರ್ಚಿಲ್ಲ. ಜರ್ಮನಿಯಲ್ಲಂತೂ ಪ್ರಯಾಣಿಕರ ಜಗಳ ರಾಜಿ ಮಾಡಿಸಲೆಂದೇ ಒಂದು ಸಂಸ್ಥೆ ಇದೆ, ಏರ್‌ಲೈನ್ಸ್‌ಗೆ ಬರೆದು ಎರಡು ತಿಂಗಳಾದರೂ ಸರಿಯಾದ ಉತ್ತರ ಬರದಿದ್ದರೆ ಅಲ್ಲಿಗೆ ಹೋಗಬಹುದು, ಪ್ರಯಾಣಿಕರಿಗೆ ಉಚಿತ. ಇದನ್ನೂ ಮುಗಿಸಿ ಆಮೇಲೆ ಕಂಪನಿಯ ಬಾಗಿಲು ತಟ್ಟಿದರೆ ಸಾಕು.

ಯಾವ ವಿಮಾನಕ್ಕೆ ಇದು ಅನ್ವಯಿಸುತ್ತದೆ ಅನ್ನುವುದರಲ್ಲಿ ಜನರಿಗೆ ಗೊಂದಲ ಜಾಸ್ತಿ. ಯೂರೋಪ್ ಒಕ್ಕೂಟದ ವಿಮಾನ ನಿಲ್ದಾಣದಿಂದ ಹೊರಟರೆ ಯಾವ ದೇಶದ ಏರ್‌ಲೈನ್ಸ್ ಆದರೂ ಸರಿ, ಕೊಲ್ಲಿ ದೇಶದ್ದಾಗಲಿ ಭಾರತದ್ದಾಗಲಿ. ಹೊರಗಿನಿಂದ ಒಕ್ಕೂಟಕ್ಕೆ ಹೋಗುವಾಗ ಮಾತ್ರ ಒಕ್ಕೂಟದ್ದೇ ಏರ್‌ಲೈನ್ಸ್ ಆಗಿರಬೇಕು. ಟಿಕೆಟ್ ಮಾರಿದವರು ಯಾರು ಅನ್ನುವುದಲ್ಲ, ವಿಮಾನ ಹಾರಿಸಿದವರು ಯಾರು ಅನ್ನುವುದು ಲೆಕ್ಕ, ಕೋಡ್‌ಶೇರ್ ಟಿಕೆಟ್ ಇದ್ದವರು ಇದನ್ನು ನೋಡಿಕೊಳ್ಳಿ. ಒಂದೇ ಬುಕಿಂಗ್‌ನಲ್ಲಿ ಯೂರೋಪಿನಿಂದ ಹೊರಟು ಮಧ್ಯೆ ಎಲ್ಲೋ ವಿಮಾನ ಬದಲಿಸಿ ಬಂದರೆ, ಕೊನೆಯ ಊರಿಗೆ ಎಷ್ಟು ತಡವಾಗಿ ತಲುಪಿದಿರಿ ಅನ್ನುವುದೇ ಎಣಿಕೆ. ಬ್ರಿಟನ್ ಒಕ್ಕೂಟ ಬಿಟ್ಟರೂ ಇದೇ ಕಾನೂನನ್ನು ತನ್ನದಾಗಿ ಇಟ್ಟುಕೊಂಡಿದೆ, ಅಲ್ಲಿ ಮೊತ್ತ 220, 350, 520 ಪೌಂಡ್.

ಭಾರತದ ಒಳಗಿನ ಹಾರಾಟಕ್ಕೆ ಈ ಕಂಪನಿಗಳನ್ನು ನೆಚ್ಚಿಕೊಂಡು ಪ್ರಯೋಜನ ಇಲ್ಲ. ಇಲ್ಲಿ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮ. ಬರೀ ತಡವಾದರೆ ನಗದು ಪರಿಹಾರ ಇಲ್ಲವೇ ಇಲ್ಲ. ಊಟ ತಿಂಡಿ, 6 ಗಂಟೆಗಿಂತ ಜಾಸ್ತಿ ತಡವಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್, 24 ಗಂಟೆ ಮೀರಿದರೆ ಹೋಟೆಲ್. ರಾತ್ರಿ 8ರಿಂದ ಬೆಳಗಿನ ಜಾವ 3ರ ಒಳಗೆ ಹೊರಡುವ ವಿಮಾನ 6 ಗಂಟೆಗಿಂತ ಜಾಸ್ತಿ ತಡವಾದರೂ ಹೋಟೆಲ್. ಸರಿಯಾಗಿ ತಿಳಿಸದೆ ರದ್ದು ಮಾಡಿದರೆ ಹಾರಾಟದ ಅವಧಿ ನೋಡಿ 5000, 7500 ಅಥವಾ 10,000 ರೂಪಾಯಿ. ಅದರಲ್ಲೂ ನಿಮ್ಮ ಟಿಕೆಟ್ಟಿನ ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿದರೆ ಆ ಮೊತ್ತಕ್ಕಿಂತ ಕಡಿಮೆ ಇದ್ದರೆ ಅಷ್ಟು ಮಾತ್ರ ಸಿಗುತ್ತದೆ. ಬುಕ್ ಮಾಡುವಾಗ ನಿಮ್ಮ ಸರಿಯಾದ ಫೋನ್ ನಂಬರ್ ಕೊಟ್ಟಿರದಿದ್ದರೆ ಅದೂ ಇಲ್ಲ, ಹಾಗಾಗಿ ಏಜೆಂಟ್ ತನ್ನ ನಂಬರ್ ಹಾಕಿ ಬುಕ್ ಮಾಡಲು ಬಿಡಬೇಡಿ. ಜಗಳ ಆಡಬೇಕಾದರೆ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಅದೂ ಆಗದಿದ್ದರೆ ಗ್ರಾಹಕರ ಆಯೋಗ. ಟಿಕೆಟ್ಟಿಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಆಯೋಗದಲ್ಲಿ ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕಂತಿಲ್ಲ.

ಯೂರೋಪಿನಲ್ಲಿ ಈ ಕಾನೂನನ್ನು ಸಡಿಲಿಸುವ ಮಾತೂ ನಡೆದಿದೆ. 3 ಗಂಟೆ ಬದಲು ದೂರ ನೋಡಿ 4 ಅಥವಾ 6 ಗಂಟೆ ಮಾಡೋಣ ಅಂತ ಸದಸ್ಯ ದೇಶಗಳ ಮಂತ್ರಿಗಳು 2025ರ ಜೂನ್‌ನಲ್ಲಿ ನಿಲುವು ತಗೊಂಡರು, ಸಂಸತ್ತಿನವರು 3 ಗಂಟೆಯನ್ನೇ ಹಿಡಿದು ಕೂತರು. ನಿಮ್ಮದು ಹಳೆಯ ಪ್ರಯಾಣವಾದರೆ ನೋಡಬೇಕಾದದ್ದು ಕೇಳುವ ಗಡುವು. ಅದು ಒಂದೊಂದು ದೇಶದಲ್ಲಿ ಒಂದೊಂದು ಥರ. ಜರ್ಮನಿಯಲ್ಲಿ 3 ವರ್ಷ, ಅದೂ ಆ ವರ್ಷದ ಕೊನೆಯಿಂದ ಎಣಿಕೆ. ಇಂಗ್ಲೆಂಡಿನಲ್ಲಿ 6 ವರ್ಷ. ಹಳೆಯ ಪ್ರಯಾಣ ಹುಡುಕಿಕೊಡ್ತೀವಿ, ನಿಮ್ಮ ಇಮೇಲ್ ಖಾತೆಗೆ ಅನುಮತಿ ಕೊಡಿ ಅಂತ ಆ ಆ್ಯಪ್ ಈಗಲೂ ಗೆಳೆಯನನ್ನು ಕೇಳುತ್ತಲೇ ಇದೆ. ಅದನ್ನು ಕೊಡುವ ಅಗತ್ಯ ಇಲ್ಲ, ಇಮೇಲಿನಲ್ಲಿ ಏರ್‌ಲೈನ್ಸ್ ಹೆಸರು ಹಾಕಿ ನೀವೇ ಹುಡುಕಿದರೆ ಟಿಕೆಟ್ ಸಿಗುತ್ತದೆ.